ಪೂಜೆಯಿಲ್ಲದ ನಲವತ್ತೊಂದು ದಿನ

೧೯೭೯ನೇ ಇಸವಿ, ಶ್ರಾವಣ ಸೋಮವಾರ, ಬೆಳಗ್ಗೆ ಐದು ಮುಕ್ಕಾಲು. ತರೀಕೆರೆಯ ನಮ್ಮ ಮನೆಯ ಪೂಜೆಯ ಕೋಣೆಯಲ್ಲಿ ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡು ಕೂತಿದ್ದೆ. ವಿಭೂತಿ ಧರಿಸಿ, ಪತ್ರೆ ಏರಿಸಿ, ಇನ್ನೇನು ದೃಷ್ಟಿ ನಿಲ್ಲಿಸಬೇಕು, ಅಷ್ಟರಲ್ಲಿ ಎದೆಯೊಳಗೆ ಯಾರೋ ಬಾಗಿಲು ಬಡಿದ ಹಾಗಾಯಿತು. ಒಂದು ಏಟು ತಪ್ಪಿತು. ಆಮೇಲೆ ಒಂದೇ ಸಮನೆ ಓಡತೊಡಗಿತು. ಕತ್ತಿನಿಂದ ಕಿವಿಯವರೆಗೆ ಬಿಸಿ ಏರಿತು. ಅಂಗೈ ನಡುಗಿತು, ಅಂಗೈಯ ಮೇಲಿದ್ದ ಲಿಂಗವೂ ನಡುಗಿತು. ನನಗೆ ಬುದ್ಧಿ ಬಂದಾಗಿನಿಂದ ಅಂಥದ್ದು ಆಗಿರಲಿಲ್ಲ.

ಇದನ್ನು ಓದುವ ಶರಣ ಬಂಧುಗಳಿಗೆ, ಅದರಲ್ಲೂ ನಲವತ್ತು ದಾಟಿದ ಅಕ್ಕತಂಗಿಯರಿಗೆ ಮೊದಲೇ ಹೇಳಿಬಿಡುತ್ತೇನೆ: ನಾನು ಪವಾಡ ಹೇಳಲು ಕೂತಿಲ್ಲ. ಮೂವತ್ತೊಂದು ವರ್ಷ ಸರ್ಕಾರಿ ಆಸ್ಪತ್ರೆಗಳಲ್ಲಿ ನರ್ಸ್ ಆಗಿ ಕೆಲಸ ಮಾಡಿ ಹೋದ ವರ್ಷ ನಿವೃತ್ತಳಾದವಳು. ನಡೆದದ್ದನ್ನು ನಡೆದ ಹಾಗೆ ಬರೆಯುವುದು ನನಗೆ ಅಭ್ಯಾಸ. ಹತ್ತು ವರ್ಷದ ಹಿಂದೆ ನನಗಾದದ್ದನ್ನು ಹಾಗೇ ಬರೆಯುತ್ತೇನೆ. ಅದರಲ್ಲಿ ಶಿವನ ಕೃಪೆ ಎಲ್ಲಿತ್ತು ಎಂಬುದು ನಿಮಗೇ ಕಾಣುತ್ತದೆ.

ನಾನು ಹುಟ್ಟಿ ಬೆಳೆದದ್ದು ಬೀರೂರಿನಲ್ಲಿ. ಅಪ್ಪ ರೈಲ್ವೆಯಲ್ಲಿ ಸಿಗ್ನಲ್ ಕೆಲಸಕ್ಕಿದ್ದರು. ನಮ್ಮ ಮನೆಯಲ್ಲಿ ಏಳುವುದು, ಸ್ನಾನ, ಊಟ ಎಲ್ಲವೂ ಗಾಡಿಗಳ ಹೊತ್ತಿಗೆ ಸರಿಯಾಗಿ. ಅಮ್ಮ ನಾನು ಚಿಕ್ಕವಳಿದ್ದಾಗಲೇ ಹೋದಳು. ನನಗೆ ಲಿಂಗಪೂಜೆ ಕಲಿಸಿದವಳು ಅಮ್ಮನ ಅಕ್ಕ, ಅಜ್ಜಂಪುರದ ಹಾಲಮ್ಮ. ಅವಳನ್ನು ನಾನು ದೊಡ್ಡಮ್ಮ ಎನ್ನುತ್ತಿದ್ದೆ. "ಪೂಜೆ ಆಗೋ ಗಂಟ ಬಾಯಿಗೆ ಹನಿ ನೀರು ಹಾಕ್ಬಾರ್ದು" ಎಂದು ಅವಳು ಒಂದೇ ಸಲ ಹೇಳಿದ್ದು. ಏಳನೇ ವಯಸ್ಸಿನಿಂದ ನಲವತ್ತಾರನೇ ವಯಸ್ಸಿನವರೆಗೆ ನಾನು ಅದನ್ನು ಮೀರಿರಲಿಲ್ಲ. ನರ್ಸಿಂಗ್ ತರಬೇತಿಯ ಹಾಸ್ಟೆಲಿನಲ್ಲಿ ಆರು ಗಂಟೆಗೆ ಡ್ಯೂಟಿ ಇದ್ದರೆ ನಾಲ್ಕಕ್ಕೆ ಎದ್ದು ಪೂಜೆ ಮುಗಿಸುತ್ತಿದ್ದೆ. ಹೆರಿಗೆಯಾದ ಮೂರನೇ ದಿನ ಹಾಸಿಗೆಯಲ್ಲೇ ಕೂತು ಮಾಡಿದ್ದೇನೆ. ಲಿಂಗ ಕಟ್ಟಿಕೊಂಡವರಿಗೆ ಮುಟ್ಟಿನ ಮೈಲಿಗೆಯೂ ಇಲ್ಲ, ಹಡೆದ ಮೈಲಿಗೆಯೂ ಇಲ್ಲ. ಹಾಗಾಗಿ ತಪ್ಪಿಸಿಕೊಳ್ಳಲು ನೆಪವೂ ಇರಲಿಲ್ಲ, ಮನಸ್ಸೂ ಇರಲಿಲ್ಲ.

ಆ ಸೋಮವಾರದ ಬಡಿತ ಐದು ನಿಮಿಷದಲ್ಲಿ ಇಳಿಯಿತು. ನಾನು ಎದ್ದು, ಸೀರೆ ಉಟ್ಟು, ಏಳೂವರೆಗೆ ಆಸ್ಪತ್ರೆಗೆ ಹೋದೆ. ಆದರೆ ಗುರುವಾರ ಮತ್ತೆ ಬಂತು. ಮುಂದಿನ ವಾರ ಎರಡು ಸಲ ಬಂತು, ಒಂದು ಸಲ ವಾರ್ಡಿನಲ್ಲಿ, ಇನ್ನೊಂದು ಸಲ ಸಂತೆಯಲ್ಲಿ ಹುರುಳಿಕಾಯಿ ಆರಿಸುತ್ತಿದ್ದಾಗ. ಬಂದಾಗೆಲ್ಲ ಒಂದೇ ಯೋಚನೆ: ಅಪ್ಪನ ಹಾಗೆ ನಾನೂ ಹೋಗುತ್ತೇನೆ. ಅಪ್ಪ ನಲವತ್ತೆಂಟಕ್ಕೆ ಡ್ಯೂಟಿಯ ಮೇಲಿದ್ದಾಗಲೇ ಎದೆ ಹಿಡಿದುಕೊಂಡು ಕುಸಿದವರು. ನನಗೆ ಆಗ ನಲವತ್ತಾರು.

ನರ್ಸ್ ಹೆದರಿದರೆ ಏನು ಮಾಡುತ್ತಾಳೋ ನಾನು ಅದನ್ನೇ ಮಾಡಿದೆ. ನಾಡಿ ನೋಡಿಕೊಂಡೆ. ಬಲಗೈಯ ಮೂರು ಬೆರಳನ್ನು ಎಡ ಮಣಿಕಟ್ಟಿನ ಮೇಲಿಟ್ಟು, ಕೈಗಡಿಯಾರದ ಸೆಕೆಂಡಿನ ಮುಳ್ಳು ನೋಡುತ್ತಾ ಎಣಿಸಿದೆ. ನೂರಾ ಹದಿನಾರು. ಒಂದು ಗಂಟೆಯ ಮೇಲೆ ಎಣಿಸಿದರೆ ಎಂಬತ್ತು. ಅರ್ಧ ಗಂಟೆ ಬಿಟ್ಟು ಮತ್ತೆ ನೋಡಿದರೆ ತೊಂಬತ್ತೆಂಟು. ಯಾಕೆ ಏರಿತು ಎಂದು ಹೆದರಿದರೆ ಇನ್ನೂ ಏರುತ್ತಿತ್ತು. ಒಂದು ನೋಟ್ ಪುಸ್ತಕ ಮಾಡಿ ದಿನಾಂಕ, ಹೊತ್ತು, ಸಂಖ್ಯೆ ಬರೆದಿಡತೊಡಗಿದೆ. ದೀಪಾವಳಿಯ ಹೊತ್ತಿಗೆ ದಿನಕ್ಕೆ ಇಪ್ಪತ್ತು ಸಲ ನೋಡಿಕೊಳ್ಳುತ್ತಿದ್ದೆ.

ಅದೇ ವರ್ಷ ನನ್ನ ಮುಟ್ಟಿನ ಲೆಕ್ಕವೂ ತಪ್ಪಿತ್ತು. ಒಂದು ತಿಂಗಳು ಇಲ್ಲ, ಇನ್ನೊಂದು ತಿಂಗಳು ಎರಡು ಸಲ, ಬಂದರೆ ವಿಪರೀತ ಸ್ರಾವ. ಮುಟ್ಟು ನಿಲ್ಲುವ ಕಾಲದಲ್ಲಿ ಮೈ ಕಾಯುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ಹೆದರಬೇಡಿ ಎಂದು ಎಷ್ಟೋ ಹೆಂಗಸರಿಗೆ ನಾನೇ ಹೇಳಿ ಕಳಿಸಿದ್ದೇನೆ. ಆದರೆ ನನ್ನ ಮೈಯಲ್ಲಿ ಎರಡೂ ಒಟ್ಟಿಗೆ ನಡೆಯುವಾಗ ಒಂದಕ್ಕೊಂದು ಕೂಡಿಸಲು ನನಗೆ ತೋಚಲಿಲ್ಲ. ನಮ್ಮ ಡಾಕ್ಟರನ್ನು ಕೇಳಬಹುದಿತ್ತು, ಪಕ್ಕದ ಕೋಣೆಯಲ್ಲೇ ಕೂತಿರುತ್ತಿದ್ದರು. ಕೇಳಲಿಲ್ಲ. ಅವರು ಹೃದಯದ ಕಾಯಿಲೆ ಎಂದುಬಿಟ್ಟರೆ ಅನ್ನುವುದು ಒಂದು ಭಯ. ಸಿಸ್ಟರಿಗೇ ಹೀಗಂತೆ ಎಂದು ವಾರ್ಡಿನವರು ಆಡಿಕೊಳ್ಳುತ್ತಾರೆ ಅನ್ನುವುದು ಇನ್ನೊಂದು.

ನವೆಂಬರಿನಲ್ಲಿ ಕಡೂರಿನಲ್ಲಿದ್ದ ಮಗಳು ಗಿರಿಜಳ ಸೀಮಂತ. ಯಜಮಾನರಿಗೆ ತರೀಕೆರೆಯಲ್ಲಿ ಕಬ್ಬಿಣದ ಸಾಮಾನಿನ ಅಂಗಡಿ. ಬಾಗಿಲು ಹಾಕಿ ಅವರೂ ನನ್ನ ಜೊತೆ ಹೊರಟರು. ಬಸ್ಸು ತುಂಬಿತ್ತು. ಬೀರೂರು ಹತ್ತಿರ ಬರುವಾಗ ನನಗೆ ಉಸಿರೇ ಸಿಗಲಿಲ್ಲ. "ಇಳೀತೀನಿ, ನಿಲ್ಸಿ ಅನ್ನಿ" ಎಂದೆ.

"ಇಲ್ಯಾಕೆ? ಕಡೂರು ಇನ್ನು ಒಂದು ಬೀಡಿ ಸೇದೋಷ್ಟು ದೂರ."

"ನಂಗೆ ಆಗ್ತಿಲ್ಲ ಕಣ್ರೀ."

ಇಳಿದೆವು. ನಾನು ಒಂದು ಸೋಡಾ ಅಂಗಡಿಯ ಬೆಂಚಿನ ಮೇಲೆ ಕೂತು ನಾಡಿ ಎಣಿಸಿದೆ. ಅವರು ತಟ್ಟೆಯಲ್ಲಿದ್ದ ಬಾಳೆಹಣ್ಣು, ಹೂವು, ಸೀರೆ ಹಿಡಿದುಕೊಂಡು ಬಿಸಿಲಲ್ಲಿ ನಿಂತಿದ್ದರು. "ನಿಮ್ಮಪ್ಪನ ಊರು ಕಂಡ ತಕ್ಷಣ ತವರು ನೆನಪಾಯ್ತಾ?" ಎಂದರು. ತಮಾಷೆ ಮಾಡಿದರೂ ಮುಖ ಸಣ್ಣದಾಗಿತ್ತು. ಸೀಮಂತಕ್ಕೆ ಒಂದು ಗಂಟೆ ತಡವಾಗಿ ಹೋದೆವು. ಜೀವಮಾನದಲ್ಲಿ ನಾನು ಎಲ್ಲಿಗಾದರೂ ತಡವಾಗಿ ಹೋದದ್ದು ಅದೇ ಮೊದಲು.

ನಿಜವಾದ ಪೆಟ್ಟು ಮಾರ್ಗಶಿರದ ಒಂದು ಗುರುವಾರ ಬಿತ್ತು. ಆ ಹೊತ್ತಿಗೆ ಪೂಜೆಗೆ ಕೂರುವಾಗಲೂ ನಾನು ಗಡಿಯಾರ ಬಿಚ್ಚುತ್ತಿರಲಿಲ್ಲ. ಎದೆ ಓಡಿದರೆ ಎಣಿಸಬೇಕಲ್ಲ. ಲಿಂಗ ಎಡ ಅಂಗೈಯಲ್ಲಿ, ಗಡಿಯಾರ ಎಡ ಮಣಿಕಟ್ಟಿನಲ್ಲಿ. ಆ ದಿನ ಬಡಿತ ಶುರುವಾಯಿತು, ಬಲಗೈ ತಾನಾಗಿ ನಾಡಿಗೆ ಹೋಯಿತು, ಎಡಗೈ ಓರೆಯಾಯಿತು. ಲಿಂಗ ಜಾರಿತು. ಎದೆಗೆ ಒತ್ತಿ ಹಿಡಿದುಕೊಂಡೆ, ನೆಲಕ್ಕೆ ಬೀಳಲಿಲ್ಲ. ಆದರೆ ಬೀಳುವುದರಲ್ಲಿತ್ತು.

ಹೊರಗಿನವರಿಗೆ ಇದು ದೊಡ್ಡದೆನಿಸದಿರಬಹುದು. ನಮ್ಮವರಿಗೆ ವಿವರಿಸಬೇಕಾಗಿಲ್ಲ. ಇಷ್ಟಲಿಂಗ ಹುಟ್ಟಿನಿಂದ ಮಣ್ಣಿನವರೆಗೆ ಮೈಬಿಟ್ಟು ಹೋಗಬಾರದು. ಕಳೆದುಕೊಂಡವರು ಜೀವ ಬಿಟ್ಟ ಕಥೆಗಳನ್ನು ಕೇಳಿಯೇ ಬೆಳೆದವರು ನಾವು. ನನ್ನ ಕೈಯಿಂದಲೇ ನೆಲಕ್ಕೆ ಬಿದ್ದರೆ? ಪೂಜೆಯ ನಡುವೆಯೇ ಅಪ್ಪನ ಹಾಗೆ ಕುಸಿದರೆ? ನಡುಗುವ ಕೈಯಲ್ಲಿ ಲಿಂಗವನ್ನು ಹಿಡಿಯುವುದೇ ಅಪಚಾರ ಎಂದು ತೀರ್ಮಾನಿಸಿದೆ. ಕರಡಿಗೆಯಲ್ಲಿಟ್ಟು, ಶಿವದಾರ ಬಿಗಿದು ಕೊರಳಿಗೆ ಹಾಕಿಕೊಂಡೆ. ಮರುದಿನ ಅದನ್ನು ಬಿಚ್ಚಲಿಲ್ಲ.

ಆ ದಿನದಿಂದ ನಲವತ್ತೊಂದು ದಿನ ನಾನು ಪೂಜೆಯಿಲ್ಲದೆ ಉಂಡೆ. ಯಜಮಾನರಿಗೆ ಗೊತ್ತಾಗಬಾರದೆಂದು ಐದೂವರೆಗೆ ಪೂಜೆಯ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಳ್ಳುತ್ತಿದ್ದೆ. ಕರಡಿಗೆಯನ್ನು ಮುಷ್ಟಿಯಲ್ಲಿ ಹಿಡಿದು ಅರ್ಧ ಗಂಟೆ ಕೂತು, ವಿಭೂತಿ ಹಚ್ಚಿಕೊಂಡು ಹೊರಗೆ ಬಂದು ತಿಂಡಿಗೆ ಕೂರುತ್ತಿದ್ದೆ. ಉಪ್ಪಿಟ್ಟು ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಇಳಿಸುತ್ತಿದ್ದೆ, ಎಂಟು ಗಂಟೆ ನಿಂತು ಕೆಲಸ ಮಾಡಬೇಕಲ್ಲ. ಮೂವತ್ತೊಂಬತ್ತು ವರ್ಷ ಬಿಡದೆ ನಡೆಸಿದ್ದನ್ನು ಬಿಟ್ಟೆ, ಬಿಟ್ಟದ್ದನ್ನು ಮುಚ್ಚಿಟ್ಟೆ. ಎದೆಬಡಿತಕ್ಕಿಂತ ಇದು ನನ್ನನ್ನು ಹೆಚ್ಚು ತಿಂದಿತು.

ಮುಚ್ಚಿದ ಆ ಬಾಗಿಲ ಹಿಂದೆ ದಿನವೂ ನಾನು ಕೇಳಿಕೊಂಡದ್ದು ಒಂದೇ ಮಾತು. "ತಂದೆ, ನನ್ನ ಕೈ ನಡುಗದ ಹಾಗೆ ಮಾಡು. ಮತ್ತೆ ನಿನ್ನನ್ನು ಹಿಡಿದುಕೊಳ್ಳುವ ಹಾಗೆ ಮಾಡು. ಆಗದಿದ್ದರೆ ನಿನ್ನನ್ನು ಮಠಕ್ಕೆ ಒಪ್ಪಿಸಿಬಿಡುತ್ತೇನೆ." ಒಪ್ಪಿಸುವುದೆಂದು ನಿಜವಾಗಿಯೂ ನಿಶ್ಚಯಿಸಿದ್ದೆ. ಸಂಕ್ರಾಂತಿ ಕಳೆದ ಮೇಲೆ ಹೋಗಿ, ಸ್ವಾಮಿಗಳ ಮುಂದೆ ಎಲ್ಲ ಹೇಳಿ, ಕೊರಳಿಂದ ತೆಗೆದು ಅವರ ಕೈಗೆ ಕೊಡುವುದು. ಎಂದು ಹೋಗಬೇಕು, ಯಾವ ಗಾಡಿಗೆ ಎಂಬುದನ್ನೂ ಅದೇ ನೋಟ್ ಪುಸ್ತಕದಲ್ಲಿ ಬರೆದಿಟ್ಟೆ. ಇಪ್ಪತ್ತನೇ ತಾರೀಖು, ಭಾನುವಾರ.

ಸಂಕ್ರಾಂತಿಗೆ ಎರಡು ದಿನ ಮುಂಚೆ ದೊಡ್ಡಮ್ಮನಿಂದ ಕಾರ್ಡು ಬಂತು. ಅವಳಿಗೆ ಓದುಬರಹವಿಲ್ಲ, ಪಕ್ಕದ ಮನೆಯ ಮೇಡಂ ಕೈಯಲ್ಲಿ ಬರೆಸುತ್ತಿದ್ದಳು. "ಕಾಲಿನ ಗಾಯ ಮಾಯುತ್ತಿಲ್ಲ. ಇಲ್ಲಿಯವರು ಕಟ್ಟಿದ್ದು ನಿಲ್ಲುವುದಿಲ್ಲ. ಬಂದು ಕಟ್ಟಿ ಹೋಗು. ಎಳ್ಳು ತಾ." ಅಷ್ಟೇ. ರಜೆ ಹಾಕಿ, ಹಬ್ಬದ ಮರುದಿನ ಒಬ್ಬಳೇ ಅಜ್ಜಂಪುರದ ಬಸ್ಸು ಹತ್ತಿದೆ. ಒಬ್ಬಳೇ ಬಸ್ಸು ಹತ್ತಿ ಎರಡು ತಿಂಗಳಾಗಿತ್ತು.

ಕಿಟಕಿಯ ಪಕ್ಕ ಕೂತು, ತರೀಕೆರೆ ದಾಟುವ ಮುಂಚೆಯೇ ನಾಡಿ ಹಿಡಿದೆ. ಕಂಡಕ್ಟರು ನನ್ನ ಕೈಯಲ್ಲೇ ಹಿಂದೆ ಹೊಲಿಗೆ ಹಾಕಿಸಿಕೊಂಡು ಹೋಗಿದ್ದವನು. ಟಿಕೆಟ್ ಕೊಟ್ಟು ಹೋದ. ಮತ್ತೆ ಈ ಕಡೆ ಬಂದ. ಮೂರನೇ ಸಲ ಬಂದಾಗ ನಿಂತ.

"ಏನ್ ಸಿಸ್ಟರಮ್ಮಾ, ಆಗ್ಲಿಂದ ನಿಮ್ಮ ಕೈ ನೀವೇ ಹಿಡ್ಕೊಂಡಿದೀರ. ಬಿಟ್ರೆ ಓಡೋಗ್ತದಾ?"

ನನ್ನ ಪಕ್ಕದ ಹೆಂಗಸು ಸೆರಗು ಬಾಯಿಗೆ ಹಿಡಿದು ನಕ್ಕಳು. ನಾನು ಕೈ ಬಿಟ್ಟೆ. ಅಜ್ಜಂಪುರ ಬರುವವರೆಗೆ ಎರಡು ಕೈಯನ್ನೂ ಚೀಲದ ಹಿಡಿಯ ಮೇಲೆ ಬಿಗಿಯಾಗಿ ಇಟ್ಟುಕೊಂಡೆ. ಎದೆ ಹೊಡೆದುಕೊಂಡಿತು. ಎಣಿಸಲಿಲ್ಲ. ಸ್ಟ್ಯಾಂಡಿನಲ್ಲಿ ಇಳಿದಾಗ ಬದುಕಿದ್ದೆ.

ದೊಡ್ಡಮ್ಮನಿಗೆ ಆಗ ಎಪ್ಪತ್ತೆಂಟು. ನೋಡಿ ವರ್ಷವಾಗಿತ್ತು. ಕಾಲಿನ ಗಾಯ ಅಷ್ಟೇನೂ ಇರಲಿಲ್ಲ, ತೊಳೆದು ಔಷಧಿ ಹಾಕಿ ಕಟ್ಟಿದೆ. ಕಟ್ಟುವಾಗ ಅಭ್ಯಾಸಬಲದಿಂದ ಅವಳ ಪಾದದ ಮೇಲಿನ ನಾಡಿಗೆ ಬೆರಳಿಟ್ಟು ಗಡಿಯಾರ ನೋಡಿದೆ.

"ಅಲ್ಲೂ ಲೆಕ್ಕಾನಾ?" ಎಂದಳು.

ಹೊಸದಾಗಿ ಕಂಡದ್ದು ಅವಳ ಕೈ. ಎರಡೂ ಕೈ ನಡುಗುತ್ತಿದ್ದವು. ನೀರಿನ ಚೊಂಬು ಹಿಡಿದರೆ ತುಳುಕುತ್ತಿತ್ತು. "ಯಾವಾಗಿಂದ?" ಎಂದು ಕೇಳಿದೆ. "ಹೋದ ಮಳೆಗಾಲದಿಂದ. ವಯಸ್ಸಾಯ್ತು ಬಿಡು" ಎಂದು ಎಳ್ಳುಬೆಲ್ಲ ಬಾಯಿಗೆ ಹಾಕಿಕೊಂಡಳು. ನನ್ನ ತಲೆಗೆ ಬಂದದ್ದು ಒಂದೇ ಪ್ರಶ್ನೆ: ಈ ಕೈಯಲ್ಲಿ ಪೂಜೆ ಹೇಗೆ ಮಾಡುತ್ತಾಳೆ? ಕೇಳಲಿಲ್ಲ.

ಮಾರನೇ ದಿನ ಬೆಳಗ್ಗೆ ಅವಳೇ ನನ್ನನ್ನು ಎಬ್ಬಿಸಿದಳು. "ನೀರು ಕಾದಿದೆ. ಸ್ನಾನ ಮಾಡ್ಕಂಡು ಬಾ, ಜೊತೇಲಿ ಕೂರಾಣ." ನಮ್ಮ ಮನೆಯ ಹಾಗೆ ಅಲ್ಲಿ ಬಾಗಿಲು ಮುಚ್ಚಿಕೊಳ್ಳುವ ಕೋಣೆ ಇರಲಿಲ್ಲ. ನಡುಮನೆಯಲ್ಲಿ ಎರಡು ಮಣೆ ಹಾಕಿದ್ದಳು. ಕೂತೆ. ಕರಡಿಗೆಯನ್ನು ಕೈಯಲ್ಲಿ ಹಿಡಿದೆ. ಬಿಚ್ಚಲಿಲ್ಲ.

ಅವಳು ನನ್ನ ಕಡೆ ನೋಡಲಿಲ್ಲ. ಮೊದಲು ಸೆರಗನ್ನು ನಾಲ್ಕು ಮಡಿಕೆ ಮಾಡಿ ಮಡಿಲಿನ ಮೇಲೆ ಅಗಲವಾಗಿ ಹಾಸಿಕೊಂಡಳು. ಆಮೇಲೆ ಲಿಂಗವನ್ನು ತೆಗೆದು ಎಡ ಅಂಗೈಯಲ್ಲಿಟ್ಟಳು. ಕೈ ನಡುಗಿತು. ಸ್ವಲ್ಪ ಅಲ್ಲ, ಗಾಳಿಗೆ ಎಲೆ ಅಲುಗುವಷ್ಟು. ಬಲಗೈಯಿಂದ ವಿಭೂತಿ ಹಚ್ಚಲು ಹೋದರೆ ಅದೂ ನಡುಗಿ, ಅರ್ಧ ವಿಭೂತಿ ಮಡಿಲಿಗೆ ಉದುರಿತು. ಅವಳು ಅದರ ಕಡೆ ಗಮನವೇ ಕೊಡಲಿಲ್ಲ. ನನಗೆ ತಡೆಯಲಾಗಲಿಲ್ಲ.

"ದೊಡ್ಡಮ್ಮ, ಬಿದ್ರೆ?"

"ಯಾವ್ದು?"

"ಲಿಂಗ. ಕೈ ಇಷ್ಟು ನಡುಗ್ತಿದೆ. ಬಿದ್ರೆ?"

"ಬಿದ್ರೆ ಎಲ್ ಬಿದ್ದಾನು? ನನ್ನ ಮಡ್ಲಿಗೆ ತಾನೆ."

"ಮೈಬಿಟ್ಟು ಹೋಗಬಾರ್ದಲ್ಲ."

"ಮಡ್ಲು ಮೈ ಅಲ್ವೇನೇ? ನಿಮ್ಮಮ್ಮ ನಿನ್ನ ಎಲ್ ಮಲಗಿಸ್ಕಂತಿದ್ಲು, ಬೇಲಿ ಮೇಲಾ?"

ನನಗೆ ಅಳು ಬಂತು. ನಲವತ್ತೊಂದು ದಿನದ್ದನ್ನೂ ಹೇಳಿದೆ. ಎದೆಬಡಿತ, ನೋಟ್ ಪುಸ್ತಕ, ಬಾಗಿಲು ಮುಚ್ಚಿ ಸುಮ್ಮನೆ ಕೂತದ್ದು, ಮಠಕ್ಕೆ ಒಪ್ಪಿಸಲು ತಾರೀಖು ಗುರುತು ಮಾಡಿದ್ದು. ಅವಳು ಲಿಂಗವನ್ನು ಕೈಯಲ್ಲಿ ಹಿಡಿದುಕೊಂಡೇ ಕೇಳಿದಳು.

"ಪೂಜೆ ಇಲ್ದೆ ಉಂಡ್ಯಾ?"

"ಉಂಡೆ."

"ಹೊಟ್ಟೆ ಏನ್ ಮಾಡಿತ್ತು ಪಾಪ. ಅವ್ನೇನೂ ಬೇಡ ಅಂದಿರಾಕಿಲ್ಲ." ನನ್ನ ಮುಖ ನೋಡಿ, "ಮುಟ್ಟು ಸರಿಯಾಗಿ ಆಗ್ತೈತಾ?" ಎಂದಳು.

"ಇಲ್ಲ. ತಪ್ಪಿ ತಪ್ಪಿ ಆಗ್ತಿದೆ. ಆದ್ರೆ ತುಂಬ ಹೋಗುತ್ತೆ."

"ನೋಡು ಮತ್ತೆ. ನಿಲ್ಲೋ ಕಾಲ ಕಣೇ. ನಂಗೂ ಎದೆ ಹಿಂಗೇ ಹೊಡ್ಕಂತಿತ್ತು, ಎರಡು ಮೂರು ವರ್ಷ. ರೊಟ್ಟಿ ತಟ್ಟೋದು ಬಿಟ್ಟು ಹಿತ್ಲಲ್ಲಿ ಹೋಗಿ ನಿಂತ್ಕಂತಿದ್ದೆ. ನಮ್ಮತ್ತೆ, ಸೊಸೆಗೆ ಮೋಹಿನಿ ಹಿಡ್ದಿದೆ ಅಂತಿದ್ಲು. ನೀನು ನೋಡಿದ್ರೆ ಮೂರೂರಿನ ಹೆಂಗಸ್ರಿಗೆ ಹೇಳೋ ನರ್ಸು."

ಅವಳು ನನ್ನ ಎಡಗೈಯನ್ನು ನೋಡಿದಳು. "ಅದೇನೇ ಅದು, ಪೂಜೆಗೂ ಕಟ್ಕಂಡ್ ಕೂತಿದೀಯ?"

"ಗಡಿಯಾರ. ನಾಡಿ ಎಣಿಸೋಕೆ."

"ಅಂದ್ರೆ ಅವ್ನನ್ನ ಅಂಗೈಯಲ್ಲಿ ಕೂರಿಸ್ಕಂಡು ಅದನ್ನ ನೋಡ್ತಿದ್ಯಾ?"

ಅಂಗೈಯಿಂದ ಮಣಿಕಟ್ಟಿಗೆ ಎರಡು ಅಂಗುಲ. ನನ್ನ ದೃಷ್ಟಿ ತಿಂಗಳುಗಟ್ಟಲೆ ಆ ಎರಡು ಅಂಗುಲ ಈಚೆಗೆ ನಿಂತಿತ್ತು. ದಿನವೂ ಅವನ ಮುಂದೆ ಕೂತು ನಾನು ಸೆಕೆಂಡಿನ ಮುಳ್ಳಿಗೆ ಪೂಜೆ ಮಾಡಿದ್ದೆ. ಗಡಿಯಾರ ಬಿಚ್ಚಿ ಗೋಡೆಯ ಗೂಡಿನಲ್ಲಿಟ್ಟೆ. ಸೆರಗನ್ನು ನಾಲ್ಕು ಮಡಿಕೆ ಮಾಡಿ ಮಡಿಲಿಗೆ ಹಾಸಿಕೊಂಡೆ. ಕರಡಿಗೆ ಬಿಚ್ಚಿದೆ.

ಎದೆ ಹೊಡೆದುಕೊಂಡಿತು. ಇಲ್ಲವೆಂದರೆ ಸುಳ್ಳಾಗುತ್ತದೆ. ಕೈ ನಡುಗಿತು, ಲಿಂಗ ನಡುಗಿತು. ಪಕ್ಕದಲ್ಲಿ ಅವಳ ಕೈಯೂ ನಡುಗುತ್ತಿತ್ತು. ಇಬ್ಬರೂ ಹಾಗೇ ಕೂತೆವು. ಎಷ್ಟು ಹೊತ್ತೆಂದು ನನಗೆ ಗೊತ್ತಿಲ್ಲ, ಗಡಿಯಾರ ಗೂಡಿನಲ್ಲಿತ್ತು. ಮುಗಿಸಿ ಎದ್ದ ಮೇಲೆ ದೊಡ್ಡಮ್ಮ ಎರಡು ರೊಟ್ಟಿ, ಎಣ್ಣೆಗಾಯಿ ಪಲ್ಯ ಕೊಟ್ಟಳು. ಅದು ಸಲೀಸಾಗಿ ಗಂಟಲಲ್ಲಿ ಇಳಿಯಿತು.

ಹೊರಡುವಾಗ ಅವಳು ಹೇಳಿದ ಮಾತನ್ನು ಇಲ್ಲಿ ಬಿಡದೆ ಬರೆಯಬೇಕು. ಓದುವವರು ಅದನ್ನು ಬಿಟ್ಟು ಉಳಿದದ್ದನ್ನು ಮಾತ್ರ ಹಿಡಿದುಕೊಂಡರೆ ತಪ್ಪಾಗುತ್ತದೆ. "ಮುದುಕಿ ಹೇಳಿದ್ಲು ಅಂತ ಮನೇಲಿ ಕೂರ್ಬೇಡ. ಡಾಕ್ಟರಿಗೆ ತೋರ್ಸು. ನನ್ನ ಕಾಲಿಗೆ ನಾನು ನಿನ್ನ ಕರೆಸ್ಲಿಲ್ವಾ?"

ಅದೇ ವಾರ ಕಡೂರಿಗೆ ಹೋದೆ. ಗಿರಿಜಳ ಹೆರಿಗೆಗೆ ಗೊತ್ತುಮಾಡಿದ್ದ ಲೇಡಿ ಡಾಕ್ಟರಿಗೇ ತೋರಿಸಿದೆ. ಅವರು ಎಲ್ಲ ಕೇಳಿ, ಎದೆಗೆ ತಂತಿ ಹಚ್ಚಿ ಇಸಿಜಿ ತೆಗೆಸಿದರು, ರಕ್ತ ಪರೀಕ್ಷೆ ಮಾಡಿಸಿದರು. ಹೃದಯದಲ್ಲಿ ದೋಷವಿರಲಿಲ್ಲ. ಆದರೆ ಸ್ರಾವ ಹೆಚ್ಚಾಗಿ ರಕ್ತ ತೀರ ಇಳಿದಿತ್ತು. ಮುಟ್ಟು ನಿಲ್ಲುವ ಮುಂಚಿನ ವರ್ಷಗಳ ಏರುಪೇರು ಒಂದು ಕಡೆ, ರಕ್ತಹೀನತೆ ಇನ್ನೊಂದು ಕಡೆ, ಎರಡೂ ಸೇರಿ ಎದೆಯನ್ನು ಓಡಿಸುತ್ತಿದ್ದವು. ನಾನು ನೋಟ್ ಪುಸ್ತಕ ಅವರ ಮುಂದಿಟ್ಟೆ. ನಾಲ್ಕು ಹಾಳೆ ತಿರುಗಿಸಿ ನೋಡಿದರು.

"ಸಿಸ್ಟರ್, ನಿಮ್ಮ ವಾರ್ಡಿನಲ್ಲಿ ಒಬ್ಬ ರೋಗಿಗೆ ದಿನಕ್ಕೆ ಇಪ್ಪತ್ತು ಸಲ ನಾಡಿ ನೋಡಿ, ನೋಡಿದಾಗೆಲ್ಲ ಗಾಬರಿ ಮುಖ ಮಾಡಿದ್ರೆ ಆ ರೋಗಿ ಏನಾಗ್ತಾನೆ?"

"ಸಾಯ್ತಾನೆ" ಎಂದೆ.

"ಆ ರೋಗಿ ನೀವೇ, ಆ ನರ್ಸೂ ನೀವೇ" ಎಂದು ನಕ್ಕು ಪುಸ್ತಕವನ್ನು ತಮ್ಮ ಮೇಜಿನ ಡ್ರಾಯರಿಗೆ ಹಾಕಿಕೊಂಡರು. ವಾಪಸ್ಸು ಕೊಡಲಿಲ್ಲ. ಕಬ್ಬಿಣದ ಮಾತ್ರೆ ಬರೆದರು. ಸ್ರಾವ ಹತೋಟಿಗೆ ಬರಲು ಔಷಧಿ ಕೊಟ್ಟರು. ದಿನಕ್ಕೆ ಆರು ಲೋಟ ಕಾಫಿಯನ್ನು ಎರಡಕ್ಕಿಳಿಸಲು ಹೇಳಿದರು. ಔಷಧಿಗಿಂತ ಅದೇ ಕಷ್ಟವಾಯಿತು. ಎದೆ ನೋವು ಬಂದರೆ, ತಲೆ ತಿರುಗಿ ಬಿದ್ದರೆ ಮಾತ್ರ ಕೂಡಲೇ ಬರಬೇಕು, ಬರಿ ಬಡಿತಕ್ಕೆ ಹೆದರಬಾರದು ಎಂದರು. ಇಪ್ಪತ್ತನೇ ತಾರೀಖಿನ ಗಾಡಿಗೆ ನಾನು ಹೋಗಲಿಲ್ಲ.

ಮನೆಗೆ ಬಂದು ಯಜಮಾನರಿಗೂ ಎಲ್ಲ ಹೇಳಿದೆ. "ನೀನು ಪೂಜೆ ಮಾಡ್ತಿರಲಿಲ್ಲ ಅಂತ ನಂಗೆ ಗೊತ್ತಿತ್ತು" ಎಂದರು ಅವರು.

"ಹೇಗೆ?"

"ಪತ್ರೆ ತಂದಿಡೋನು ನಾನು. ಇಟ್ಟಿದ್ದು ಇಟ್ಟ ಹಾಗೇ ಒಣಗ್ತಿತ್ತಲ್ಲ."

ಇಷ್ಟು ಶಿಸ್ತಿನವಳು ಬಚ್ಚಿಡುವಾಗ ಪತ್ರೆಯನ್ನು ಮರೆತಿದ್ದೆ. "ಗೊತ್ತಿದ್ದೂ ಯಾಕೆ ಕೇಳಲಿಲ್ಲ?" ಎಂದೆ. "ನೀನು ಹೇಳ್ಲಿ ಅಂತ ಅವನ ಹತ್ರ ಕೇಳ್ಕಂತಿದ್ದೆ" ಎಂದರು. ಒಂದೇ ಮನೆಯಲ್ಲಿ ಇಬ್ಬರೂ ನಲವತ್ತೊಂದು ದಿನ ಬೇರೆಬೇರೆಯಾಗಿ ಪ್ರಾರ್ಥಿಸಿದ್ದೆವು. ಅವರದು ಮೊದಲು ಫಲಿಸಿತು.

ಬಡಿತ ಒಂದೇ ದಿನದಲ್ಲಿ ಹೋಗಲಿಲ್ಲ. ರಕ್ತ ಏರಿದ ಮೇಲೆ ಮುಕ್ಕಾಲು ಕಡಿಮೆಯಾಯಿತು. ಉಳಿದ ಕಾಲು ಭಾಗ ಎರಡು ವರ್ಷ ಬಂದು ಹೋಗುತ್ತಿತ್ತು. ಬಂದಾಗ ಕೈಯಲ್ಲಿದ್ದ ಕೆಲಸ ಬಿಡುತ್ತಿರಲಿಲ್ಲ. ಬಸ್ಸಿನಲ್ಲಿದ್ದರೆ ಇಳಿಯುತ್ತಿರಲಿಲ್ಲ. ಬೆಳಗ್ಗೆ ಐದೂವರೆಗೆ ಗಡಿಯಾರ ಬಿಚ್ಚಿ ಅಡುಗೆಮನೆಯ ಮೊಳೆಗೆ ನೇತುಹಾಕುವುದು, ಸೆರಗು ಮಡಿಚಿ ಮಡಿಲಿಗೆ ಹಾಸಿಕೊಳ್ಳುವುದು, ಆಮೇಲೆ ಕರಡಿಗೆ ಬಿಚ್ಚುವುದು. ಈ ಕ್ರಮ ಒಂದು ದಿನವೂ ತಪ್ಪಲಿಲ್ಲ.

೧೯೮೧ರಲ್ಲಿ ಒಂದು ಬುಧವಾರ. ಹಬ್ಬವಲ್ಲ, ಹುಣ್ಣಿಮೆಯಲ್ಲ, ಮಾಮೂಲಿ ಬುಧವಾರ. ಪೂಜೆಯ ನಡುವೆ ಎದೆ ಒಮ್ಮೆಲೇ ಜೋರಾಗಿ ಹೊಡೆಯಿತು, ಅಂಗೈ ಅಲುಗಿತು. ಲಿಂಗ ಬಿತ್ತು. ನಾನು ಎರಡು ವರ್ಷ ಹೆದರಿದ್ದು ಅದಕ್ಕೇ. ಸದ್ದೂ ಆಗಲಿಲ್ಲ. ಮಡಿಲಿನಲ್ಲಿ, ಸೆರಗಿನ ಮಡಿಕೆಯ ನಡುವೆ ತಣ್ಣಗೆ ಕೂತಿತ್ತು. ಒಂದು ಗಳಿಗೆ ಅದನ್ನು ನೋಡಿದೆ. ಎತ್ತಿ ಕಣ್ಣಿಗೊತ್ತಿಕೊಂಡು, ಮತ್ತೆ ಅಂಗೈಯಲ್ಲಿಟ್ಟು, ಬಿಟ್ಟಲ್ಲಿಂದ ಪೂಜೆ ಮುಂದುವರಿಸಿದೆ. ಮುಗಿಸಿ ಎದ್ದಾಗ ಗಮನಕ್ಕೆ ಬಂತು, ಬಲಗೈ ನಾಡಿಗೆ ಹೋಗಿರಲಿಲ್ಲ.

ಕೈ ನಡುಗದ ಹಾಗೆ ಮಾಡು ಎಂದು ನಾನು ಬೇಡಿದ್ದೆ. ನಡುಗಿ ಲಿಂಗ ಬಿದ್ದರೂ ಹೆದರದ ಹಾಗೆ ಮಾಡಿದ. ಕೇಳಿದ್ದಕ್ಕಿಂತ ದೊಡ್ಡದು ಸಿಕ್ಕಿತು ಎಂದು ಈಗಲೂ ನಂಬಿದ್ದೇನೆ. ಅದನ್ನು ಕೊಡಲು ಅವನು ಆರಿಸಿಕೊಂಡದ್ದು ಒಬ್ಬ ಮುದುಕಿಯ ಮಾಯದ ಗಾಯವನ್ನು, ಒಬ್ಬ ಡಾಕ್ಟರಮ್ಮನ ನಗುವನ್ನು, ಒಣಗಿದ ಪತ್ರೆಯನ್ನು. ಅವನ ದಾರಿಗೆ ನನ್ನ ಶರಣು.

ಲಿಂಗ ಬಿದ್ದ ದಿನವೇ ದೊಡ್ಡಮ್ಮನಿಗೆ ಕಾರ್ಡು ಬರೆದೆ. ವಾರದೊಳಗೆ ಉತ್ತರ ಬಂತು, ಅದೇ ಮೇಡಂ ಕೈಬರಹ. ದೊಡ್ಡಮ್ಮ ೧೯೮೪ರಲ್ಲಿ ಲಿಂಗೈಕ್ಯಳಾದಳು. ಕಾರ್ಡು ಈಗಲೂ ನನ್ನ ಪೂಜೆಯ ಪೆಟ್ಟಿಗೆಯಲ್ಲಿದೆ. ನನ್ನ ಎದೆ ಹಾಗೆ ಹೊಡೆದುಕೊಳ್ಳುವುದು ನಿಂತು ಏಳು ವರ್ಷವಾಯಿತು, ಕೈ ಗಟ್ಟಿಯಾಗಿದೆ, ಆದರೂ ಸೆರಗನ್ನು ಮಡಿಚಿ ಹಾಸಿಕೊಂಡೇ ಕೂರುತ್ತೇನೆ. ಕೂರುವ ಮುಂಚೆ ಒಮ್ಮೊಮ್ಮೆ ಆ ಕಾರ್ಡನ್ನು ತೆಗೆದು ಓದುತ್ತೇನೆ:

"ಬಿದ್ದನಂತೆ, ಎತ್ತಿಕೊಂಡೆಯಂತೆ. ಸರಿ. ಬರುವಾಗ ಬ್ಯಾಂಡೇಜ್ ಬಟ್ಟೆ ತಾ."